ಅತ್ತೆ ಮತ್ತು ಘೋಣಸಗಿಯ ಸಿಂಥಸೈಜರ್

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹಳೆಯ ಪೆಟ್ಟಿನಿಂದ ನಡುವೆ ಸೀಳಿತ್ತು. ಆ ಕೈ ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಹಿಟ್ಟಿನ ಡಬ್ಬಿಯ ಮೇಲೆ, ಬಸ್ಸಿನ ಕಿಟಕಿಯ ಸರಳಿನ ಮೇಲೆ, ಮಾತಾಡುವಾಗ ನನ್ನ ಭುಜದ ಮೇಲೂ ಬೆರಳುಗಳು ಆಡುತ್ತಲೇ ಇರುತ್ತಿದ್ದವು. ವಿಜಯಪುರದ ಮದುವೆ ಆರ್ಕೆಸ್ಟ್ರಾದಲ್ಲಿ ಅವಳದು ಮೊದಲ ಕೀಬೋರ್ಡ್, ನನ್ನದು ಎರಡನೆಯದು.

ಅವಳ ಜೀವವೆಲ್ಲ ಒಂದು ಹಳೆಯ ಸ್ಯಾಂಪ್ಲರ್‌ನಲ್ಲಿತ್ತು. ಬೇರೆ ವಾದ್ಯದ ಸ್ವರವನ್ನು ತುಂಬಿಸಿಕೊಂಡು ತನ್ನ ಕೀಲಿಗಳ ಮೇಲೆ ನುಡಿಸಿಕೊಡುವ ಯಂತ್ರ ಅದು. ಅದರಲ್ಲಿ ಹಿಡಿಸುತ್ತಿದ್ದುದು ಕೆಲವೇ ಸೆಕೆಂಡಿನ ಶಬ್ದ. ಅದಕ್ಕೇ ಅತ್ತೆ ಮೊದಲು ಸ್ವರ ಕೊಡುವ ಸಿಂಥಸೈಜರ್‌ನ ಪ್ರತಿಧ್ವನಿಯನ್ನೆಲ್ಲ ಬಂದ್ ಮಾಡುತ್ತಿದ್ದಳು. ಶಬ್ದ ಒಡೆಯುವ ಅಂಚಿನವರೆಗೆ ಮಟ್ಟ ಏರಿಸಿ ಕೂದಲೆಳೆಯಷ್ಟು ಇಳಿಸುತ್ತಿದ್ದಳು. ಒಂದೇ ಸ್ವರ ಹಿಡಿದು ಎಲ್ಲ ಕೀಲಿಗಳಿಗೂ ಎಳೆದರೆ ಮೇಲೆ ಇಲಿಯ ದನಿ, ಕೆಳಗೆ ಎಮ್ಮೆಯ ದನಿ ಬರುತ್ತದೆಂದು ಮೂರು ಕೀಲಿಗೊಂದರಂತೆ ಬೇರೆ ಬೇರೆ ಹಿಡಿಯುತ್ತಿದ್ದಳು. ಹಿಡಿದದ್ದನ್ನು ಕೇಳಿ, ಎದ್ದು ಅಡ್ಡಾಡಿ, ಬಂದು ಅಳಿಸಿಬಿಡುತ್ತಿದ್ದಳು. "ಇದಲ್ಲ ಬೇ. ಇನ್ನೊಮ್ಮೆ."

ಘೋಣಸಗಿಯ ದ್ರಾಕ್ಷಿ ಬೆಳೆಗಾರರೊಬ್ಬರ ಬಳಿ ಹಳೆಯ ನಾಟಕ ಕಂಪನಿಯ ದಿನಗಳ ಒಂದು ಸಿಂಥಸೈಜರ್ ಇತ್ತು. ಅದರ ಪಿಟೀಲಿನಂಥ ದನಿಗೆ ಅತ್ತೆ ವರ್ಷಗಟ್ಟಲೆ ಹಂಬಲಿಸಿದ್ದಳು. ಅವರು ಅದನ್ನು ಸೋಲಾಪುರದವರಿಗೆ ಮಾರಿದ್ದಾರೆಂದು ತಿಳಿದಾಗ ಒಂದು ದಿನದ ಮಟ್ಟಿಗೆ ಬೇಡಿ ತಂದಳು. ಇಡೀ ದಿನ ಸ್ವರ ಹಿಡಿದೆವು. ಪ್ರತಿ ಸ್ವರದ ಹಿಂದೆಯೂ ಒಂದು ಸಣ್ಣ ಸೀಟಿ ನನಗೆ ಕೇಳುತ್ತಿತ್ತು, ಅತ್ತೆಗೆ ಕೇಳುತ್ತಿರಲಿಲ್ಲ. ಕೆಲ ತಿಂಗಳಿಂದ ಅವಳಿಗೆ ಮಾತು ಕೇಳಿದರೂ ಬಾಗಿಲ ಗಂಟೆಯಂಥ ಕೀಚಲು ದನಿ ಕೇಳುತ್ತಿರಲಿಲ್ಲ.

"ಹೆಂಗ ಬಂದೈತಿ?" ಅಂದಳು.

ಅರಳಿದ ಅವಳ ಮುಖ ನೋಡಿ ಸೀಟಿಯ ಮಾತು ಬಿಟ್ಟೆ. "ಚಲೋ ಬಂದೈತಿ, ಅತ್ತಿ" ಅಂದೆ. ಸಂಜೆ ವಾದ್ಯ ಘೋಣಸಗಿಗೆ ಮರಳಿತು.

ಮರುದಿನ ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಮೊದಲೇ ಬಂದು ನಿಂತಳು. "ಸ್ವರ ಶುರು ಆಗೂದಕಿಂತ ಮೊದ್ಲಿನ ಖಾಲಿ ಜಾಗದಾಗೂ ಶಬ್ದದ ಮೀಟರ್ ಕುಣ್ಯಾಕತ್ತೈತಿ. ನಿನಗೇನರ ಕೇಳಿಸ್ತಿತ್ತೇನು?"

"ಸಣ್ಣ ಸೀಟಿ, ಅತ್ತಿ."

"ಎಲ್ಲಾದ್ರಾಗೂ?"

"ಹೂಂ."

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. "ನನ್ನ ಕಿವಿ ಹೋಗ್ಯಾವ ಅಂತ ನನಗ ಗೊತ್ತೈತಿ. ಅದಕ್ಕs ನಿನ್ನ ಬಾಜೂಕ ಕೂಡಿಸ್ಕೊಂಡಿದ್ದೆ" ಅಂದಳು.

ವಾದ್ಯ ಸೋಲಾಪುರಕ್ಕೆ ಹೋಗುವ ಮೊದಲು ಇನ್ನೊಮ್ಮೆ ಸ್ವರ ಹಿಡಿಯಲೆಂದು, ಸ್ಯಾಂಪ್ಲರ್‌ಗೆ ಕೌದಿ ಸುತ್ತಿ ಇಬ್ಬರೂ ತೊಡೆಯ ಮೇಲಿಟ್ಟುಕೊಂಡು ತಿಕೋಟಾ ಬಸ್ಸು ಹತ್ತಿದೆವು. ನಿಂತ ನಿಲ್ದಾಣದಲ್ಲೆಲ್ಲ ಅತ್ತೆ ಕಿಟಕಿಯಿಂದ ಇಣುಕುತ್ತಿದ್ದಳು. ತಿಕೋಟಾದಿಂದ ಘೋಣಸಗಿಗೆ ಆಟೋ ಹಿಡಿದು ಹೋದರೆ, ಬೆಳೆಗಾರರ ಮನೆಯ ಮುಂದೆ ಸೋಲಾಪುರದ ಗಾಡಿ ನಿಂತೇ ಇತ್ತು. ವಾದ್ಯಕ್ಕೆ ಹಗ್ಗ ಬಿಗಿಯುತ್ತಿದ್ದರು.

"ಅಣ್ಣಾರ, ಎರಡು ತಾಸು ಕೊಡ್ರಿ. ಆಮ್ಯಾಲೆ ಒಯ್ರಿ" ಎಂದು ಅತ್ತೆ ಕೊಳ್ಳಲು ಬಂದವರನ್ನು ಕೇಳಿದಳು. ಅವರು ಗಡಿಯಾರ ನೋಡಿಕೊಂಡರು. ಬೆಳೆಗಾರರು ನಡುವೆ ಬಂದು, "ಊಟ ಮಾಡಿಕೊಂಡು ಹೋಗೀರಂತ, ಬರ್ರಿ" ಎಂದು ಅವರನ್ನು ಒಳಗೆ ಕರೆದೊಯ್ದರು. ನಾವು ಹಗ್ಗ ಬಿಚ್ಚಿ, ವಾದ್ಯವನ್ನು ಜಗಲಿಗಿಳಿಸಿ ಕರೆಂಟ್ ಕೊಟ್ಟೆವು.

ಅಲ್ಲಿ ಹಿಡಿದ ಸ್ವರದಲ್ಲಿ ಸೀಟಿ ಇರಲಿಲ್ಲ. ಆಗ ನನಗೆ ಹೊಳೆಯಿತು. ವಿಜಯಪುರದಲ್ಲಿ ವಾದ್ಯಕ್ಕೆ ಕರೆಂಟ್ ಕೊಟ್ಟ ಬೋರ್ಡಿಗೇ ನನ್ನ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದೆ, ಸೀಟಿ ಅದರದು. ಅದನ್ನೂ ಹೇಳಿಬಿಟ್ಟೆ. "ಈಗ ಹೇಳಾಕ ಕಲತಿ ನೋಡು" ಎಂದು ಅತ್ತೆ ನನಗೆ ಹೆಡ್‌ಫೋನ್ ಕೊಟ್ಟಳು. "ಕಿವಿ ನಿಂದು, ಬಟ್ಟು ನಂದು."

ಅವಳು ಬೆರಳಿನಿಂದ ಕೀಲಿ ಒತ್ತುವುದು, ನಾನು ಕೇಳಿ "ಆತು" ಅಥವಾ "ಇಲ್ಲ" ಅನ್ನುವುದು. ಹೊಲದ ಪಂಪು ಶುರುವಾಗಿ ಮೂರು ಸ್ವರಗಳಲ್ಲಿ ಗುಂಯ್‌ಗುಟ್ಟುವಿಕೆ ಸೇರಿತು. ಮೂರು ಸಲ "ಇಲ್ಲ" ಅಂದೆ. ಮೂರು ಸಲವೂ ಅವಳು ಅಳಿಸಿ ಮತ್ತೆ ಒತ್ತಿದಳು. ಊಟ ಮುಗಿಸಿದವರು ಬಾಗಿಲಲ್ಲಿ ಬಂದು ನಿಂತಾಗ ಕೊನೆಯ ಸ್ವರ ಹಿಡಿದಾಗಿತ್ತು. ಆ ದನಿಯನ್ನು ಅತ್ತೆ ಎರಡು ವರ್ಷ ವೇದಿಕೆಯ ಮೇಲೆ ನುಡಿಸಿದಳು, ಪ್ರತಿ ಹಾಡಿನ ನಂತರ ನನ್ನ ಕಡೆ ತಿರುಗಿ ನೋಡುತ್ತ.

ಹೋದ ವರ್ಷ ಅವಳು ತೀರಿಕೊಂಡಳು. ಈಗ ಮೊದಲ ಕೀಬೋರ್ಡಿಗೆ ನಾನು ಕೂರುತ್ತೇನೆ. ಬಬಲೇಶ್ವರದ ಮದುವೆಯೊಂದರಲ್ಲಿ ನಮ್ಮ ಹೊಸ ಗಾಯಕಿ ವೇದಿಕೆ ಇಳಿದು, "ಹೆಂಗಾತ್ರಿ?" ಎಂದು ನಗುತ್ತ ಕೇಳಿದಳು. ಚಪ್ಪಾಳೆ ಇನ್ನೂ ಕೇಳುತ್ತಿತ್ತು. "ಮ್ಯಾಲಿನ ಸ್ವರಕ್ಕ ಶ್ರುತಿ ಇಳೀತು" ಅಂದೆ. ಮೂರು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೆಯ ದಿನ ಎಲ್ಲರಿಗಿಂತ ಮೊದಲು ಅಭ್ಯಾಸಕ್ಕೆ ಬಂದಳು. ನನ್ನೆದುರು ಕೂತು ಅದೇ ಸಾಲನ್ನು ಹಾಡಿ, "ಈಗ ಹೇಳ್ರಿ" ಅಂದಳು.