ಮದುವೆ ಬರೆದುಕೊಟ್ಟ ಡಾಕ್ಟರು

ಏಲಕ್ಕಿ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ. ಏಲಕ್ಕಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಇಂಥ ಮಾತಾಡಿದರೆ ಜನ ನಗುತ್ತಾರೆ, ನಗಲಿ. ಮೊನ್ನೆ ಆಲೂರಿನಲ್ಲಿ ಮೂಳೆಗೆ ಬರೆದುಕೊಟ್ಟ ಮಾತ್ರೆ ಕೊಳ್ಳಲು ಒಂದು ಮೆಡಿಕಲ್ ಶಾಪಿಗೆ ಹೋದೆ. ಮೊದಲು ಅದೇ ಜಾಗದಲ್ಲಿ ನಮ್ಮ ಡಾಕ್ಟರ ಕ್ಲಿನಿಕ್ ಇತ್ತು. ಗೋಡೆಯ ಮೇಲೆ ಅವರ ದೊಡ್ಡ ಫೋಟೋ, ಅದಕ್ಕೊಂದು ಏಲಕ್ಕಿ ಹಾರ. ಬದುಕಿದ್ದಷ್ಟು ದಿನ ಏಲಕ್ಕಿ ಅಗಿಯುತ್ತಲೇ ಇದ್ದ ಮನುಷ್ಯನಿಗೆ ಸತ್ತ ಮೇಲೂ ಅದೇ ಸಿಕ್ಕಿದೆ…

"ದೇವ್ರಂಥೋರು ಕಣಕ್ಕ," ಅಂದ ಅಂಗಡಿಯವನು, ಮಾತ್ರೆ ಹುಡುಕುತ್ತಾ.

ಊರಿಗೆಲ್ಲ ಅವರು ದೇವರೇ. ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮನೆಯ ಸೊಸೆ ಬಸುರಿ, ಯಾರ ಮನೆಯಲ್ಲಿ ತೋಟ ಭಾಗವಾಯಿತು, ಎಲ್ಲ ಗೊತ್ತಿತ್ತು ಅವರಿಗೆ. ಎದುರಿಗೆ ಕೂತವಳಿಗೆ ಏನಾಗುತ್ತಿದೆ ಅನ್ನುವುದೊಂದು ಗೊತ್ತಿರಲಿಲ್ಲ. ತೊಂಬತ್ತರ ದಶಕದ ಶುರು, ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಮುಟ್ಟಾದಾಗಲೆಲ್ಲ ವಾಂತಿ, ನೆಲದ ಮೇಲೆ ಹೊರಳಾಟ. ಅವ್ವ ಅವರ ಹತ್ತಿರ ಕರೆದೊಯ್ದಳು. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು, ನನ್ನ ಮುಖದ ಮೇಲೆ ಏಲಕ್ಕಿ ಉಸಿರು ಬಿಡುತ್ತಾ ಅವ್ವನಿಗೆ ಹೇಳಿದರು: "ಗ್ಯಾಸ್ಟ್ರಿಕ್ ಕಣವ್ವ."

ಆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡೇ ಪಿಯುಸಿ ಮುಗಿಸಿದೆ. ಅವ್ವ ಮತ್ತೆ ಹೋಗಿ ಅತ್ತಾಗ ಹೊಸ ಔಷಧಿ ಹೇಳಿದರು: "ಮದ್ವೆ ಮಾಡ್ಬುಡಿ, ಎಲ್ಲ ಸರಿ ಹೋಯ್ತದೆ." ಹೇಳಿ ಸುಮ್ಮನಾಗಲಿಲ್ಲ, ಗಂಡನ್ನೂ ಅವರೇ ಹುಡುಕಿಕೊಟ್ಟರು. ಹಾನುಬಾಳಿನ ಕಡೆ ಒಂದಿಷ್ಟು ಕಾಫಿ ತೋಟ ಇದ್ದ ಮನೆ. ಅತ್ತೆಯ ತವರು ಆಲೂರು, ಅವರಿಗೂ ಇದೇ ಡಾಕ್ಟರು. ಮದುವೆಯ ಊಟದಲ್ಲಿ ಮೊದಲ ಪಂಕ್ತಿಯಲ್ಲಿ ಕೂತು ಪಾಯಸಕ್ಕೆ ಏಲಕ್ಕಿ ಕಡಿಮೆಯಾಯಿತು ಅಂದರು.

ಮದುವೆಯಾದ ಮೇಲೆ ನೋವು ಎರಡರಷ್ಟಾಯಿತು. ಗಂಡನ ಪಕ್ಕ ಮಲಗಿದರೂ ನೋವು, ಅದನ್ನು ಯಾರ ಹತ್ತಿರ ಹೇಳುವುದು? "ಲಿಂಗ ಕಟ್ಟಿದ ಮನೆ, ನಮ್ಮಲ್ಲಿ ಮುಟ್ಟು ಮೈಲಿಗೆ ಇಲ್ಲ," ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಒಳ್ಳೆಯ ಮಾತೇ. ಆದರೆ ಹೊಟ್ಟೆ ಒತ್ತಿಕೊಂಡು ರೊಟ್ಟಿ ತಟ್ಟುವಾಗ, ಮೂರು ದಿನ ಹೊರಗೆ ಕೂರುವ ಪಕ್ಕದ ಮನೆ ಸೊಸೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ವರ್ಷಗಳಾದರೂ ಮಗುವಾಗಲಿಲ್ಲ. ಮತ್ತೆ ಆಲೂರಿಗೆ ಹೋದೆವು. "ಒಂದ್ ಮಗು ಆಗ್ಲಿ ತಗಳಿ, ನೋವೆಲ್ಲ ಹೋಗ್ಬುಡ್ತದೆ," ಅಂದರು ಡಾಕ್ಟರು. ಆಗುತ್ತಿಲ್ಲ ಅಂತಲೇ ಬಂದಿದ್ದೆವಲ್ಲ…

ಆಗ ಸಕಲೇಶಪುರದಲ್ಲಿ ಒಬ್ಬರು ಲೇಡಿ ಡಾಕ್ಟರು ಹೊಸದಾಗಿ ಕ್ಲಿನಿಕ್ ತೆರೆದಿದ್ದರು. ನೆಗಡಿ ಜ್ವರ ನೋಡುವ ಸಾಧಾರಣ ಡಾಕ್ಟರೇ. ಅತ್ತೆ ಅಲ್ಲಿಗೂ ಕರೆದುಕೊಂಡು ಹೋದರು. ಆ ಡಾಕ್ಟರು ಅತ್ತೆಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಮುಟ್ಟಿನಲ್ಲಿ ಕಕ್ಕಸಿಗೆ ಹೋದರೆ ನೋಯುತ್ತದಾ, ಗಂಡನ ಜೊತೆ ಇರುವಾಗ ನೋಯುತ್ತದಾ ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ, ನನಗೆ ಅಳು ಬಂತು. ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್ ಅಂದರು. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಹೊರಗೂ ಬೆಳೆದು ತಿಂಗಳು ತಿಂಗಳೂ ಕೆರಳುತ್ತದಂತೆ, ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದಂತೆ. ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. "ಮೊದ್ಲು ನೋವು ಇಳೀಲಿ. ಆಮೇಲೆ ಮಂಗಳೂರಿಗೆ ಕಳಿಸ್ತೀನಿ, ಅಲ್ಲಿ ಸಣ್ಣ ಆಪರೇಷನ್ ಮಾಡ್ತಾರೆ. ಮಗು ಪ್ರಯತ್ನ ಅದಾದ್ಮೇಲೆ," ಅಂದರು.

ಮಾತ್ರೆ ಕೆಲಸ ಮಾಡಿತು. ಕಾಫಿ ಹಣ್ಣು ಬಿಡಿಸುವ ಕಾಲ, ಆಳುಗಳ ಜೊತೆ ನಾನೂ ಸಂಜೆತನಕ ನಿಂತು ಬಿಡಿಸಿದೆ. ಅದು ಮಕ್ಕಳಾಗದ ಹಾಗೆ ನುಂಗುವ ಮಾತ್ರೆಯೂ ಹೌದು ಅಂತ ಗಂಡನಿಗೆ ಹೇಳಿದ್ದೆ, ಅತ್ತೆಗೆ ಹೇಳುವ ಧೈರ್ಯ ಬಂದಿರಲಿಲ್ಲ. ಒಂದು ದಿನ ಅತ್ತೆಗೆ ಅದು ಕಪಾಟಿನಲ್ಲಿ ಸಿಕ್ಕಿ, ಇದೆಂಥ ಮಾತ್ರೆ ಅಂತ ಅನುಮಾನ ಬಂತು. ನಮ್ಮಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಸೀದಾ ಆಲೂರಿಗೆ ಹೊರಟರು.

ಡಾಕ್ಟರು ಮಾತ್ರೆ ತಿರುಗಿಸಿ ನೋಡಿ ನಕ್ಕರು. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ತುಂಬ ಜನ. "ಮಕ್ಳು ಬೇಕು ಅಂತ ನೀವು ಒದ್ದಾಡ್ತಿದ್ದೀರಿ. ನಿಮ್ಮ ಸೊಸೆ ಬ್ಯಾಡ ಅಂತ ಗುಳಿಗೆ ನುಂಗ್ತಾವ್ಳೆ." ಯಾಕೆ ಕೊಟ್ಟರು ಅಂತ ಹೇಳಲು ಬಾಯಿ ತೆಗೆದೆ. "ನೀ ಸುಮ್ನಿರವ್ವ," ಅಂದು ಅದನ್ನು ರಕ್ತದ ಹತ್ತಿ ಬಿಸಾಡುವ ತಟ್ಟೆಗೆ ಎಸೆದರು. ಎಲ್ಲ ಗೊತ್ತಿದ್ದ ನನ್ನ ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ. ಆ ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಅಸಹ್ಯ ಅಂತ ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ.

ಮಾತ್ರೆ ನಿಂತಿತು, ಸಕಲೇಶಪುರದ ದಾರಿಯೂ ಮುಚ್ಚಿತು. ಕೆಲವು ವರ್ಷ ಹಾಗೇ ಕಳೆದು, ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಎಚ್ಚರ ತಪ್ಪಿ ಬಿದ್ದೆ. ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರು. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತಂತೆ. ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ನನಗಿನ್ನೂ ಮೂವತ್ತೈದು ತುಂಬಿರಲಿಲ್ಲ. ನನಗೆ ಮಗು ಬೇಕಿತ್ತು, ತುಂಬಾ ಬೇಕಿತ್ತು.

ಡಾಕ್ಟರು ನೋಡಲು ಮನೆಗೇ ಬಂದರು, ದೊಡ್ಡ ಮನಸ್ಸು. ಜಗಲಿಯಲ್ಲಿ ಕೂತು ಅತ್ತೆಗೆ ಸಮಾಧಾನ ಹೇಳಿದರು: "ನಾನು ಆವತ್ತೇ ಹೇಳಿರ್ಲಿಲ್ವಾ? ಎಲ್ಲ ಆ ಮಾತ್ರೆಯಿಂದ್ಲೇ ಆಗಿದ್ದು." ಅವರಿಗೆ ಕಾಫಿ ಮಾಡಿಕೊಟ್ಟವಳು ನಾನೇ. ಹೊಲಿಗೆ ಇನ್ನೂ ಎಳೆಯುತ್ತಿತ್ತು…

"ನಿಮ್ಗೂ ಇವ್ರೇ ಡಾಕ್ಟ್ರಾ ಅಕ್ಕ?" ಅಂಗಡಿಯವನು ಮಾತ್ರೆ ಕವರಿಗೆ ಹಾಕುತ್ತಾ ಕೇಳಿದ.

"ಹ್ಞೂಂ. ನನ್ನ ಮದ್ವೆ ಮಾಡ್ಸಿದ್ದೂ ಇವ್ರೇ."

"ನೋಡಿ ಮತ್ತೆ. ಮಕ್ಳೆಷ್ಟು ಜನ?"

ನಾನು ಫೋಟೋ ಕಡೆ ಕೈ ತೋರಿಸಿದೆ. "ಅವ್ರನ್ನೇ ಕೇಳಪ್ಪ," ಅಂದೆ.

ಅವನ ಮುಖ ಅರಳಿತು. ಡಾಕ್ಟರ ಕೈಗುಣದಿಂದಲೇ ನನ್ನ ಮನೆ ತುಂಬಿದೆ ಅಂತ ತಿಳಿದಿರಬೇಕು. ಹಾರದ ಕಡೆ ತಿರುಗಿ ಕೈ ಮುಗಿದ. ನಾನು ಮೂಗಿಗೆ ಸೆರಗು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.