ಪಕ್ಕದ ಮನೆ ತಾತ ಕೇಳಿದ ಜಪಾನಿನ ಕಲ್ಲು

ಕಳೆದ ಭಾನುವಾರ ಮಗಳು ಎಲ್ಲಿಂದಲೋ ಎರಡು ಬೆಣಚು ಕಲ್ಲು ತಂದು, ಅಡುಗೆಮನೆ ಬಾಗಿಲಲ್ಲೇ ಕೂತು ಒಂದಕ್ಕೊಂದು ಕುಟ್ಟುತ್ತಿದ್ದಳು. ಟೈಲ್ಸ್ ಒಡೆದು ಹೋಗುತ್ತೆ, ಎದ್ದೇಳು ಅಂದೆ. ಏಳಲಿಲ್ಲ. ಬದಲಿಗೆ ಒಂದು ಕಲ್ಲನ್ನು ನನ್ನ ಮೂಗಿಗೇ ಹಿಡಿದು, "ಮೂಸಿ ನೋಡಮ್ಮ, ಬೆಂಕಿಕಡ್ಡಿ ವಾಸ್ನೆ" ಅಂದಳು. ಮೂಸಿದೆ. ಸುಟ್ಟ ವಾಸನೆ... ಆಗಷ್ಟೇ ಗೀಚಿದ ಕಡ್ಡಿಯದ್ದೂ ಹೌದು, ಆಗಷ್ಟೇ ಒಡೆದ ಬಂಡೆಯದ್ದೂ ಹೌದು. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನಗೆ ಅದು ಕಲ್ಲಿನ ವಾಸನೆಯಲ್ಲ, ಒಬ್ಬ ಮನುಷ್ಯನ ವಾಸನೆ. ನಮ್ಮ ಪಕ್ಕದ ಮನೆ ತಾತನ ವಾಸನೆ.

ನಮ್ಮೂರು ಹೊಸೂರು ಕಡೆಯ ಉದ್ದನಪಲ್ಲಿಯಿಂದ ಸ್ವಲ್ಪ ಒಳಗೆ. ತಾತನಿಗೆ ಇದ್ದದ್ದು ಒಂದಿಷ್ಟು ರಾಗಿ ಹೊಲ. ರಾಗಿ ಮನೆಗೆ ಬಂದ ಮೇಲೆ ಮುಂದಿನ ಮಳೆ ಬೀಳುವವರೆಗೂ ಅವನು ಊರ ಹಿಂದಿನ ಬಂಡೆಯ ಮೇಲೇ ಇರುತ್ತಿದ್ದ. ಅಲ್ಲಿ ಸೌದೆ ಹರಡಿ ಬೆಂಕಿ ಹಾಕಿ, ಆ ಬೆಂಕಿಯನ್ನು ಕೋಲಿನಿಂದ ನಿಧಾನಕ್ಕೆ ಮುಂದೆ ಮುಂದೆ ತಳ್ಳುತ್ತಿದ್ದ. ಬಂಡೆ ಕಾದರೆ ಅದರ ಮೇಲಿನ ಪದರ ಹೆಂಚಿನ ಮೇಲಿನ ರೊಟ್ಟಿಯಂತೆ ತಳ ಬಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಟ್ಟುಕೊಂಡಿತು ಅನ್ನುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯಿಂದ ತಟ್ಟುತ್ತಾ, ತಲೆ ವಾಲಿಸಿ ಕೇಳಬೇಕು. ಆಮೇಲೆ ಸಾಲಾಗಿ ಗುಳಿ ತೋಡಿ, ಒಂದೊಂದರಲ್ಲೂ ಕಬ್ಬಿಣದ ಬೆಣೆ ಕೂರಿಸಿ, ಈ ತುದಿಯಿಂದ ಆ ತುದಿಗೆ ಹೊಡೆಯುತ್ತಾ ಹೋದರೆ ನೂಲು ಹಿಡಿದ ಹಾಗೆ ಚಪ್ಪಡಿ ಬೇರೆಯಾಗುತ್ತಿತ್ತು. ಎಂಥ ಜಾಣ ನೀನು ತಾತ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ನಾನೆಲ್ಲವ್ವ ಒಡೀತೀನಿ? ಬಿಡ್ಕೊತೀನಿ ಅಂತ ಅದೇ ಹೇಳ್ತದೆ. ನಾನು ಹೂಂ ಅಂತೀನಿ, ಅಷ್ಟೇಯ."

ಗಟ್ಟಿ ಕಲ್ಲಿಗೆ ತಟ್ಟಿದರೆ 'ಗಣ್' ಅನ್ನುತ್ತದೆ, ಒಳಗೆ ಬಿರುಕಿದ್ದರೆ 'ಬೊದ್' ಅನ್ನುತ್ತದೆ. ಅವನ ಲೋಕದಲ್ಲಿ ಇದ್ದದ್ದು ಈ ಎರಡೇ ಜಾತಿ. ಸಂತೆಯಲ್ಲಿ ಮಡಕೆ ತಟ್ಟುತ್ತಿದ್ದ, ತೆಂಗಿನಕಾಯಿ ತಟ್ಟುತ್ತಿದ್ದ, ನಮ್ಮಮ್ಮ ಕೊಟ್ಟ ಕಾಫಿ ಕುಡಿದು ಮುಗಿಸಿ ಲೋಟವನ್ನೂ ಒಂದು ಸಲ ತಟ್ಟಿಯೇ ಕೆಳಗಿಡುತ್ತಿದ್ದ. ನನಗೆ ಗಂಡು ಹುಡುಕುವಾಗ ನಮ್ಮಪ್ಪ, "ನಾವ್ಯಾಕೆ ಅಲೆಯೋದು? ತಾತನ್ನ ಕಳ್ಸನ, ತಟ್ಟಿ ನೋಡ್ಕೊಂಡ್ ಬತ್ತಾನೆ" ಎಂದು ಗೇಲಿ ಮಾಡಿದ್ದು ನೆನಪಿದೆ. ತಾತ ಬಿಡಲಿಲ್ಲ. ಹುಡುಗ ಹೆಣ್ಣು ನೋಡಲು ಬಂದಾಗ ನಿಜಕ್ಕೂ ಅವನ ಬೆನ್ನು ತಟ್ಟಿ, ಎಲ್ಲರಿಗೂ ಕೇಳುವಂತೆ "ಗಣ್ಣಂತವ್ನೆ" ಅಂದುಬಿಟ್ಟ! ನನ್ನ ಗಂಡ ಇವತ್ತಿಗೂ ಅದನ್ನು ಸರ್ಟಿಫಿಕೇಟಿನ ಹಾಗೆ ತೋರಿಸಿಕೊಂಡು ಓಡಾಡುತ್ತಾರೆ.

ಕಲ್ಲಿನ ವಿಷಯದಲ್ಲಿ ಮಾತ್ರ ತಾತ ತಮಾಷೆಗೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ದನದ ಕೊಟ್ಟಿಗೆಗೆ ಹೊದಿಸಲು ಬೇರೆ ಕಡೆಯಿಂದ ಚಪ್ಪಡಿ ತರಿಸಿದ್ದರು. ಎತ್ತಲು ಎಂಟು ಜನ ಬಂದು ನಿಂತಿದ್ದಾರೆ, ಅಮ್ಮ ಅವರಿಗೆಲ್ಲ ಮುದ್ದೆ ತೊಳಸುತ್ತಿದ್ದಾಳೆ. ತಾತ ಬಂದವನೇ ಎಲ್ಲಾ ಚಪ್ಪಡಿ ತಟ್ಟಿದ. ಒಂದರ ಹತ್ತಿರ ನಿಂತ. ಮತ್ತೆ ತಟ್ಟಿದ. "ಇದು ಬ್ಯಾಡ ಕಣ್ಲಾ" ಅಂದ. ಅಪ್ಪನಿಗೆ ರೇಗಿತು. ನಿನ್ನ ಬಂಡೆಯಿಂದ ತರಲಿಲ್ಲ ಅಂತ ಹೊಟ್ಟೆಕಿಚ್ಚು ನಿನಗೆ ಎಂದುಬಿಟ್ಟರು. ಅನ್ನಬಾರದಿತ್ತು. ತಾತ ಹೋಗಿ ಆ ಚಪ್ಪಡಿಯ ಮೇಲೆ ಕೂತ. ಮಧ್ಯಾಹ್ನ ಆದರೂ ಏಳಲಿಲ್ಲ. ಕೊನೆಗೆ ಅದೊಂದನ್ನು ಬೇವಿನ ಮರಕ್ಕೆ ಒರಗಿಸಿ ಬಿಟ್ಟರು. ಆ ಬೇಸಿಗೆಯಲ್ಲಿ ಒಂದು ದಿನ, ಯಾರೂ ಮುಟ್ಟದೆ, ಅದು ನಡುವೆ ಎರಡಾಗಿ ಬಿತ್ತು. ಅಪ್ಪ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಪಕ್ಕದ ಮನೆಗೆ ಹೋದರು.

ನಾನು ಆ ತಟ್ಟುವುದನ್ನು ಕಲಿತದ್ದು ಯಾವಾಗ ಎಂದು ಹೇಳಲಾರೆ. ಯಾರೂ ಕಲಿಸಲಿಲ್ಲ, ಜಗಲಿಯಲ್ಲಿ ಕೂತು ಕೇಳಿ ಕೇಳಿ ಬಂತು. ಹೊಸೂರಿನ ಫ್ಯಾಕ್ಟರಿಗೆ ಸೇರಿದಾಗ ನನ್ನನ್ನು ಹಾಕಿದ್ದು ಎರಕದ ಭಾಗಗಳನ್ನು ಪರೀಕ್ಷೆ ಮಾಡುವ ಮೇಜಿಗೆ. ಪುಟ್ಟ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ, ಸೀಳು ಬಿಟ್ಟದ್ದನ್ನು ಪಕ್ಕಕ್ಕೆ ಎಸೆಯಬೇಕು. ಮೊದಲ ದಿನವೇ ನಾನು ಎಸೆದ ಒಂದೊಂದರಲ್ಲೂ ಸೀಳು ಸಿಕ್ಕಿತು. ಸೂಪರ್‌ವೈಸರ್ ಕಣ್ಣರಳಿಸಿ "ಎಪ್ಪಡಿಮ್ಮಾ?" ಅಂತ ತಮಿಳಿನಲ್ಲಿ ಕೇಳಿದರು. ಹೇಗೆ ಅಂತ ಏನು ಹೇಳಲಿ? ಪಕ್ಕದ ಮನೆ ತಾತ ಅಂದೆ. ಅವರು ನಕ್ಕರು.

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿ ಆರು ಜನರನ್ನು ಮೂರು ತಿಂಗಳ ಟ್ರೇನಿಂಗಿಗೆ ಜಪಾನಿಗೆ ಕಳಿಸಿದರು. ಅಲ್ಲಿ ಸೀಳು ಹುಡುಕುವುದಕ್ಕೂ ಒಂದು ಯಂತ್ರವಿದೆಯಂತೆ, ಅದನ್ನು ಕಲಿತು ಬರಬೇಕು. ಹೊರಡುವ ಹಿಂದಿನ ದಿನ ತಾತನ ಮನೆಗೆ ಹೋದೆ. ಆಗಲೇ ಕಲ್ಲಿನ ಧೂಳು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಕೃಷ್ಣಗಿರಿ ಆಸ್ಪತ್ರೆಯಲ್ಲಿ, ಇನ್ನು ಮಾಡುವುದು ಏನೂ ಇಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದಿದ್ದರು. ಕಣ್ಣಿಗೆ ಪೊರೆ. ಎರಡು ಮಾತು, ಒಂದು ಕೆಮ್ಮು. "ಅಲ್ಲೂ ಬಂಡೆ ಇರ್ತದಲ್ಲವ್ವ?" ಅಂದ. ಇರುತ್ತೆ ತಾತ, ಆದರೆ ನಾನು ಹೋಗುತ್ತಿರುವುದು ಯಂತ್ರ ನೋಡೋಕೆ ಅಂದೆ. "ನೋಡವ್ವ, ಬ್ಯಾಡ ಅಂದವ್ರ್ಯಾರು. ಹಂಗೇ ಒಂದು ಕಲ್ಲು ತಟ್ಬುಟ್ಟು ಬಾ. ಅಲ್ಲಿಂದು ಹೆಂಗಂತದೆ ಅಂತ ನಂಗೆ ಹೇಳು." ಆಯ್ತು ಅಂತ ಮಾತು ಕೊಟ್ಟೆ. ಇದೆಂಥ ಆಸೆ ಇವನದು ಅಂತ ಒಳಗೊಳಗೇ ನಗುತ್ತಾ ಬಂದೆ.

ಅಲ್ಲಿ ಎರಡು ತಿಂಗಳು ನಾನು ಕಂಡದ್ದು ಹಾಸ್ಟೆಲ್, ಬಸ್ಸು, ಫ್ಯಾಕ್ಟರಿ ಇಷ್ಟೇ. ಭಾನುವಾರ ಅಮ್ಮನಿಗೆ ಫೋನು ಮಾಡಿದರೆ ಅವಳ ಹತ್ತಿರ ಬಿಟ್ಟು ಬಂದಿದ್ದ ಮಗಳ ಸುದ್ದಿ ಆದ ಮೇಲೆ ತಾತನ ಸುದ್ದಿ. ಮೊದಲು, ನಡೆಯೋಕೆ ಆಗ್ತಿಲ್ಲ ಅಂದಳು. ಆಮೇಲೆ, ಮುದ್ದೆ ಬಿಟ್ಟ, ಬರೀ ಗಂಜಿ ಅಂದಳು. ಒಂದು ವಾರ, "ಕಲ್ಲು ನೋಡಿದ್ಳಾ ಅಂತ ದಿನಾ ಕೇಳ್ತಾನೆ ಕಣೇ" ಅಂದಳು. ಫ್ಯಾಕ್ಟರಿ ಅಂಗಳದ ಅಲಂಕಾರದ ಕಲ್ಲನ್ನೇ ತಟ್ಟಿ, ಗಣ್ ಅಂತು ಅಂತ ಹೇಳಿಬಿಡಲೇ ಎಂದೂ ಯೋಚಿಸಿದೆ. ಆದರೆ ತಾತನಿಗೆ ಹೇಳುವ ಕಲ್ಲು ಅಂಥದ್ದಾಗಬಾರದು ಅನ್ನಿಸಿತು.

ನನ್ನ ಪಕ್ಕದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ಹೆಂಗಸಿಗೆ ನಮ್ಮಮ್ಮನ ವಯಸ್ಸು. ನಾವು ಮಾತಾಡುತ್ತಿದ್ದದ್ದು ಫೋನಿನ ಮೂಲಕ. ಅವರು ಅವರ ಭಾಷೆಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ, ಪಾಠ ಒಪ್ಪಿಸಿದ ಹಾಗೆ ಹೇಳುತ್ತಿತ್ತು. ಇಲ್ಲಿ ದೊಡ್ಡ ಬಂಡೆ ಎಲ್ಲಿದೆ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಮುಂದಿನ ಭಾನುವಾರ ಬೆಳಿಗ್ಗೆ ತಮ್ಮ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ಸಮುದ್ರದ ಕಡೆ ಹೊರಟರು.

ಕಾರು ನಿಲ್ಲಿಸಿ ಅಂಗಡಿ ಸಾಲು ದಾಟಿ, ಪೈನ್ ಮರಗಳ ಸಂದಿಯಿಂದ ಆಚೆ ಬಂದೆವು. ಅಯ್ಯೋ ನಮ್ಮಪ್ಪ! ನನ್ನ ಕಾಲು ಅಲ್ಲೇ ನಿಂತುಹೋಯಿತು. ನೆಲ ಇದ್ದಕ್ಕಿದ್ದಂತೆ ಮುಗಿದಿತ್ತು. ಅಂಚಿನಿಂದ ಕೆಳಕ್ಕೆ, ಏಳೆಂಟು ಮಹಡಿಯಷ್ಟು ಆಳಕ್ಕೆ, ನೆಟ್ಟಗೆ ಕಲ್ಲಿನ ಕಂಬಗಳು. ಒಂದಲ್ಲ, ಹತ್ತಲ್ಲ, ಕಣ್ಣು ಹರಿಯುವಷ್ಟು ದೂರ ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳು. ಒಂದಕ್ಕೆ ಐದು ಮೂಲೆ, ಒಂದಕ್ಕೆ ಆರು. ನಡುವೆ ಕೂದಲು ತೂರುವಷ್ಟೇ ಸಂದಿ. ಕೆಳಗೆ ಸಮುದ್ರ ಕಪ್ಪಗೆ ಉಬ್ಬಿ ಬಂದು ಆ ಕಂಬಗಳ ಬುಡಕ್ಕೆ ಅಪ್ಪಳಿಸಿದರೆ ನಾನು ನಿಂತಿದ್ದ ಕಲ್ಲು ಅಂಗಾಲಿನಲ್ಲಿ ಅದುರುತ್ತಿತ್ತು. ನೊರೆ ಅಷ್ಟೆತ್ತರ ಹಾರಿ ನನ್ನ ತುಟಿಗೆ ಉಪ್ಪು ತಾಗಿಸಿತು. ಸಮುದ್ರ ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಸಲ, ಸ್ಕೂಲಿನಿಂದ ಚೆನ್ನೈಗೆ ಕರೆದುಕೊಂಡು ಹೋದಾಗ. ಆ ಸಮುದ್ರ ಮರಳಿನ ಮೇಲೆ ಬಂದು ಕಾಲು ಮುಟ್ಟಿ ಹೋಗಿತ್ತು. ಇದು ಬೇರೆ. ಇದರೆದುರು ನಾನು ಎಷ್ಟು ಸಣ್ಣವಳಾದೆ ಅಂದರೆ, ಕೈ ತಾನಾಗಿಯೇ ಮುಗಿಯಿತು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆ. ಕಲ್ಲಿನ ಊರಿನವಳಲ್ಲವೇ, ಮಂಡಿಯೂರಿ ಕೂತು ಕಂಬಗಳ ಅಂಚಿನಲ್ಲಿ ಬೆಣೆಯ ಗುಳಿ ಹುಡುಕತೊಡಗಿದೆ. ಇಷ್ಟು ನೆಟ್ಟಗೆ ಒಡೆದಿದ್ದಾರೆ ಅಂದರೆ ಗುರುತು ಇರಲೇಬೇಕು. ಸಿಗಲಿಲ್ಲ. ಇದನ್ನು ಒಡೆಯಲು ಎಷ್ಟು ಸಾವಿರ ಜನ ಬೇಕಾಯಿತು ಎಂದು ಫೋನಿಗೆ ಹೇಳಿದೆ. ಅದು ಜಪಾನಿಯಲ್ಲಿ ಹೇಳಿದ್ದೇ ಆ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಂತರ ನಗು ನಿಲ್ಲಿಸಿ ನಿಧಾನವಾಗಿ ಏನೋ ಹೇಳಿದರು. ಫೋನು ನನಗೆ ಕನ್ನಡದಲ್ಲಿ ಹೇಳಿತು: "ಯಾರೂ ಒಡೆಯಲಿಲ್ಲ. ಭೂಮಿಯಿಂದ ಬೆಂಕಿ ಬಂದಿತು. ಬೆಂಕಿ ತಣ್ಣಗಾಯಿತು. ಕಲ್ಲು ತಾನಾಗಿ ಬೇರೆಯಾಯಿತು."

ಬಿಡ್ಕೊತೀನಿ ಅಂತ ಅದೇ ಹೇಳ್ತದೆ... ತಾತ ಜೀವಮಾನವಿಡೀ ಹೇಳುತ್ತಾ ಬಂದದ್ದು ಇದನ್ನೇ ಅಲ್ಲವೇ? ನಾವೆಲ್ಲ ಅದು ಮುದುಕನ ಮಾತಿನ ಚಂದ ಅಂದುಕೊಂಡಿದ್ದೆವು.

ನಮ್ಮೂರಲ್ಲಿ ಆಗ ಬೆಳಿಗ್ಗೆ ಎಂಟೂವರೆ. ನಾನು ಅಕ್ಕ ಅಂತ ಕರೆಯುವ ತಾತನ ಸೊಸೆಗೆ ವಿಡಿಯೋ ಕಾಲ್ ಮಾಡಿದೆ. ಅಕ್ಕ ಎತ್ತಿದಳು. ತಾತ ಜಗಲಿಯ ಬಿಸಿಲಲ್ಲಿ ಕಂಬಳಿ ಹೊದ್ದು ಕೂತಿದ್ದ, ಮುಖ ಮುಷ್ಟಿಯಷ್ಟಾಗಿತ್ತು. ಫೋನು ತಿರುಗಿಸಿ ಕಂಬಗಳನ್ನು ತೋರಿಸಿದೆ.

"ಏನೋ ಬೆಳ್ಳಗೆ ಕಾಣ್ತದೆ ಕಣವ್ವ," ಅಂದ.

"ಕಲ್ಲಿನ ಕಂಬ ತಾತಾ! ಸಾವಿರಾರು. ಯಾರೂ ಒಡ್ದಿಲ್ವಂತೆ. ಬೆಂಕಿ ಆರಿ ತಾನೇ ಬಿಟ್ಕೊಂಡಿರೋದು!" ಗಾಳಿಗೆ ನಾನು ಕಿರುಚುತ್ತಿದ್ದೆ.

ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. "ಬೆಣೆ ಗುಳಿ ಇಲ್ವಾ?"

"ಒಂದೂ ಇಲ್ಲ. ನಾನೇ ಹುಡುಕ್ದೆ."

"ನೂಲು ಹಿಡ್ದಂಗೈತಾ?"

"ನೂಲು ಹಿಡ್ದಂಗೇ ತಾತಾ."

"ತಟ್ಟು," ಅಂದ.

ಕಾಲ ಬಳಿ ಸಿಕ್ಕ ಒಂದು ದುಂಡು ಕಲ್ಲು ಎತ್ತಿಕೊಂಡೆ. ಗಾಳಿ ಕಿವಿಗೇ ಹೊಡೆಯುತ್ತಿತ್ತು. ಒಂದು ಕಂಬದ ತಲೆ ಮುರಿದು ಆಗಿದ್ದ ತಗ್ಗಿಗೆ ಇಳಿದು ಕೂತು, ಫೋನನ್ನು ಕಲ್ಲಿಗೆ ಒತ್ತಿ ಹಿಡಿದು, ಜಾಕೆಟ್ಟಿನಿಂದ ಮುಚ್ಚಿದೆ. ಆ ತಾಯಿಗೆ ಏನೂ ಗೊತ್ತಿಲ್ಲ, ಆದರೂ ತಮ್ಮ ಕೋಟು ಬಿಚ್ಚಿ ನನ್ನ ತಲೆಯ ಮೇಲೆ ಗಾಳಿಗೆ ಅಡ್ಡ ಹಿಡಿದು ನಿಂತರು. ತಟ್ಟಿದೆ. ನನ್ನ ಕಿವಿಗೆ ಕೇಳಿಸಿತು, ಗಣ್... ಅಂಥ ನಾದವನ್ನು ನಾನು ಯಾವ ಕಲ್ಲಿನಲ್ಲೂ ಕೇಳಿರಲಿಲ್ಲ. ಇನ್ನೆರಡು ಸಲ ತಟ್ಟಿದೆ. "ಕೇಳ್ತಾ ತಾತಾ? ಕೇಳ್ತಾ?" ಅಂತ ಕೂಗಿದೆ. ಅಳು ಬಂದುಬಿಟ್ಟಿತ್ತು.

ಆ ಕಡೆಯಿಂದ ತಾತನ ದನಿ ಬಂತು. "ಗಣ್ಣಂತೈತೆ ಕಣವ್ವ. ಒಳ್ಳೇ ಕಲ್ಲು. ಉಳಿ ಮುಟ್ಟಿಸ್ಬ್ಯಾಡಿ ಅನ್ನು ಅವ್ರಿಗೆ."

ಆ ಮಾತನ್ನು ಆ ತಾಯಿಗೆ ಅವರ ಫೋನಿನಿಂದ ಹೇಳಿಸಿದೆ. ಅವರು ನನ್ನ ಫೋನಿನಲ್ಲಿದ್ದ ತಾತನಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಮುಟ್ಟಿಸುವುದಿಲ್ಲ ಅಂದರು.

ಹನ್ನೊಂದು ದಿನಕ್ಕೆ ತಾತ ಹೋದ. ನಾನು ಊರಿಗೆ ಬಂದಾಗ ತಿಥಿಯೂ ಮುಗಿದಿತ್ತು. ಪಕ್ಕದ ಮನೆಗೆ ಹೋಗಿ, ಕೊನೆಗೂ ಆ ಕಲ್ಲು ಕೇಳಿಯೇ ಹೋದನಲ್ಲ ಅಕ್ಕ, ಅದೊಂದು ಸಮಾಧಾನ ಅಂದೆ. ಅಕ್ಕ ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಅಂತ ಸೆರಗು ತಿರುವಿದಳು.

"ಕಲ್ಲಿನ ಸದ್ದು ಎಲ್ ಬಂತೇ? ಬರೀ ಬರ್ ಅಂತ ಗಾಳಿ. ನಾನೂ ಕಿವಿ ಕೊಟ್ಕೊಂಡೇ ಇದ್ನಲ್ಲ."

ದನದ ಕೊಟ್ಟಿಗೆಯ ಚಪ್ಪಡಿಯ ಮೇಲೆ ಅರ್ಧ ದಿನ ಕೂತಿದ್ದ ಮನುಷ್ಯ, ಕೇಳದ ಕಲ್ಲಿಗೆ ಗಣ್ಣಂತೈತೆ ಅಂದನೇ?

"ಕೇಳ್ದೇನೇ ಹೆಂಗ್ ಮಾವ ಹಂಗಂದ್ಬುಟ್ರಿ ಅಂತ ನಾನೂ ಕೇಳ್ದೆ," ಅಂದಳು ಅಕ್ಕ. "ಕಲ್ಲು ಕೇಳ್ಲಿಲ್ಲ, ಆ ಮಗಿನ ದನಿ ಕೇಳ್ತಲ್ಲ, ಅದ್ರಲ್ಲೇ ಗೊತ್ತಾಯ್ತು ಅಂದ್ರು."

ಅವತ್ತು ನಾನು ತಾತನ ಜಗಲಿಯಲ್ಲಿ ಕೂತು ಅತ್ತಷ್ಟು ನಮ್ಮಜ್ಜಿ ಹೋದಾಗಲೂ ಅತ್ತಿರಲಿಲ್ಲ.

ಈಗ ಫ್ಯಾಕ್ಟರಿಯಲ್ಲಿ ಆ ಯಂತ್ರ ಬಂದು ಕೂತಿದೆ. ಸುತ್ತಿಗೆಯನ್ನು ನಾನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಊರ ಹಿಂದಿನ ಬಂಡೆಯ ಮೇಲೆ ಬೆಂಕಿ ಹಾಕುವವರು ಯಾರೂ ಇಲ್ಲ. ತಾತನಷ್ಟು ಕಿವಿಯಿಟ್ಟು ನನ್ನನ್ನು ಕೇಳುವವರೂ ಇಲ್ಲ, ಹೇಳಿಬಿಡುತ್ತೇನೆ, ಆ ಜಾಗ ಖಾಲಿಯೇ ಇದೆ.

ಭಾನುವಾರ ನಾನು ಸೌಟು ಹಿಡಿದು ಮಂಕಾಗಿ ನಿಂತದ್ದು ನೋಡಿ ಮಗಳು ಬೇಜಾರಾಗಿ ಹಿತ್ತಲಿಗೆ ಹೋದಳು. ನಾನು ಚಟ್ನಿಗೆ ಮಿಕ್ಸಿ ಹಾಕಿದೆ. ಕಿಟಕಿಯಾಚೆ ಅವಳು ಬಟ್ಟೆ ಒಗೆಯುವ ಕಲ್ಲಿಗೆ ಆ ಬೆಣಚು ಕಲ್ಲಿನಿಂದ ತಟ್ಟುತ್ತಾ, ತಲೆ ವಾಲಿಸಿ, ನನ್ನ ಕಡೆ ನೋಡಿ ಕೂಗಿದಳು: "ಅಮ್ಮಾ, ಕೇಳ್ತಾ? ಹೆಂಗೈತೆ?"

ಮಿಕ್ಸಿಯ ಗದ್ದಲದಲ್ಲಿ ಕಲ್ಲಿನ ಸದ್ದು ಚೂರೂ ಕೇಳಲಿಲ್ಲ.

"ಗಣ್ಣಂತೈತೆ ಕಣೇ," ಅಂದೆ.