ಹಗ್ಗ ಕೊಡದ ಸಮಾಧಾನಪ್ಪ

ಸೋಮವಾರ ಬೆಳಿಗ್ಗೆ ಸಮಾಧಾನಪ್ಪನ ಮನೆಯೆದುರಿನ ಕಟ್ಟೆಯಿಂದ ತಗಡಿನ ಡಬ್ಬ ಬಡಿಯುವ ಸದ್ದು ಕೇಳುತ್ತಿತ್ತು. ಅದು ಸೀಮೆಎಣ್ಣೆಯ ಖಾಲಿ ಡಬ್ಬ, ಬಡಿಯುತ್ತಿದ್ದವಳು ವೀರಮ್ಮ. ಮೊದಲು ನಿಧಾನ, ಆಮೇಲೆ ಅವಸರ, ಕೊನೆಗೆ ಒಂದೇ ಸಮನೆ. ಆ ಸದ್ದು ಬಂತೆಂದರೆ ಕುಡಿದವನೊಬ್ಬ ಸಿಕ್ಕಿಬಿದ್ದಿದ್ದಾನೆ ಎಂದು ಅರ್ಥ. ಗಂಡಸರು ಟವೆಲ್ಲು ಹೆಗಲಿಗೇರಿಸಿಕೊಂಡು ಕಟ್ಟೆಗೆ ಬರುತ್ತಿದ್ದರು. ಹೆಂಗಸರು ಮಕ್ಕಳನ್ನು ಒಳಗೆ ಕರೆದು, ಬಾಗಿಲನ್ನು ಅರೆ ಮುಚ್ಚಿ, ಆ ಸಂದಿಯಲ್ಲಿ ನಿಲ್ಲುತ್ತಿದ್ದರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಆ ದಿನ ಬಸವನ ಮೈ ಮುಟ್ಟಬಾರದು. ಗಂಡಸರೆಲ್ಲ ಊರಲ್ಲೇ ಇರುತ್ತಿದ್ದರಿಂದ ಕುಡಿತ ಬಿಡಿಸುವ ಊರ ಸಮಿತಿಯ ನ್ಯಾಯವೂ ಸೋಮವಾರವೇ ನಡೆಯುತ್ತಿತ್ತು.

ನಮ್ಮೂರು ಶಿಕಾರಿಪುರ ತಾಲ್ಲೂಕಿನ ಅಂಚಿನಲ್ಲಿ, ಸೊರಬಕ್ಕೆ ಹೋಗುವ ದಾರಿಯಲ್ಲಿದೆ. ಇದು ತೊಂಬತ್ತರ ದಶಕದ ನಡುವಿನ ಮಾತು. ಎತ್ತಿಗೆ ಲಾಳ ಕಟ್ಟಲು ಸುತ್ತಲಿನ ಹಳ್ಳಿಗಳಿಗೆಲ್ಲ ಸಮಾಧಾನಪ್ಪ ಒಬ್ಬನೇ ಇದ್ದ. ಊರಿನಲ್ಲಿ ಕ್ರೈಸ್ತರ ಮನೆಯೂ ಅದೊಂದೇ. ಅವನ ಅಜ್ಜನನ್ನು ಯಾವುದೋ ಬರಗಾಲದಲ್ಲಿ ಮಿಶನ್ನಿನವರು ಸಾಕಿ ಕಮ್ಮಾರಿಕೆ ಕಲಿಸಿದ್ದರಂತೆ. ಭಾನುವಾರ ಅವನೂ ಹೆಂಡತಿ ಜೀವರತ್ನಮ್ಮನೂ ಒಗೆದ ಬಟ್ಟೆಯುಟ್ಟು ಸೊರಬದ ಬಸ್ಸು ಹತ್ತುತ್ತಿದ್ದರು. ಅಲ್ಲಿ ಒಬ್ಬರ ಪಡಸಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು.

ಲಾಳ ಕಟ್ಟುವುದು ನೋಡುವವರಿಗೆ ಕ್ರೂರವಾದ ಕೆಲಸ. ಕುತ್ತಿಗೆ, ಎದೆ, ಹೊಟ್ಟೆಗೆ ಒಂದೇ ಹಗ್ಗದ ಕುಣಿಕೆ ಹಾಕಿ ಹಿಂದಿನಿಂದ ಜಗ್ಗಿದರೆ ಎತ್ತಿನ ಕಾಲು ತಾನಾಗಿ ಕುಸಿಯುತ್ತದೆ. ಅದು ನೆಲಕ್ಕೆ ಬಿದ್ದ ಅದುರು ನಮ್ಮ ಅಂಗಾಲಿಗೆ ತಾಗುತ್ತದೆ. ಕಣ್ಣು ಬೆಳ್ಳಗಾಗುತ್ತದೆ, ಬಾಯಿಂದ ನೊರೆ ಬರುತ್ತದೆ, ಒಬ್ಬ ಕುತ್ತಿಗೆಯ ಮೇಲೆ ಕೂರಬೇಕು. ಸ್ವಲ್ಪ ಹೊತ್ತು ಒದ್ದಾಡಿ, ಹಗ್ಗ ಬಿಗಿದಂತೆ ಅದು ತೆಪ್ಪಗಾಗುತ್ತದೆ. ಆಗ ಸಮಾಧಾನಪ್ಪ ಮೊಳೆಗೆ ಕೈ ಹಾಕುವ ಮುಂಚೆ ಎದೆಯ ಕುಣಿಕೆಯನ್ನು ಒಂದು ಬೆರಳು ಸಡಿಲಿಸುತ್ತಿದ್ದ. ಉಳಿದವರು ಅದನ್ನು ಗಮನಿಸುತ್ತಿರಲಿಲ್ಲ. ತೆಪ್ಪಗಾಯಿತಲ್ಲ, ಇನ್ನು ಕೆಲಸ ಸಲೀಸು ಎಂದುಕೊಳ್ಳುತ್ತಿದ್ದರು.

ಸಮಿತಿ ಹುಟ್ಟಿದ್ದೂ ಒಂದು ರೀತಿಯಲ್ಲಿ ಅವನ ಹಗ್ಗದಿಂದಲೇ. ವೀರಮ್ಮನ ಗಂಡ ಕೆಂಪಪ್ಪ ಒಂದು ಮಧ್ಯಾಹ್ನ ಸಾರಾಯಿ ಪ್ಯಾಕೆಟ್ಟು ಹರಿದು ಕುಡಿದವನೇ ಹೆಂಡತಿಯನ್ನು ಒನಕೆಯಿಂದ ಬಡಿಯತೊಡಗಿದ. ಅವಳ ಕಿವಿಯ ಮೇಲಿನ ಚರ್ಮ ಕೂದಲ ಸಮೇತ ಕಿತ್ತು ಬಂದಿತ್ತು. ಅಂಗಳದ ತುಂಬ ಜನ ನಿಂತಿದ್ದರು, ಒಬ್ಬರೂ ಮುಂದೆ ಹೋಗಲಿಲ್ಲ. ಲಾಳ ಕಟ್ಟುವ ತನ್ನ ಲಾಯದಿಂದ ಓಡಿಬಂದ ಸಮಾಧಾನಪ್ಪ ಹಿಂದಿನಿಂದ ಹಗ್ಗ ಬೀಸಿ, ಎತ್ತನ್ನು ಕೆಡವಿದ ಹಾಗೆ ಅವನನ್ನು ಕೆಡವಿ ಕುತ್ತಿಗೆಯ ಮೇಲೆ ಕೂತ. ಒನಕೆ ಕೈಬಿಟ್ಟು ಉರುಳಿದ ಮೇಲೆ ತಾನೇ ಬಿಚ್ಚಿದ.

ಅದನ್ನು ಕಂಡ ಉಚ್ಚಂಗಪ್ಪಗೌಡರು ಊರ ಹಿರಿಯರು. ತಮ್ಮನನ್ನು ಸಾರಾಯಿಗೆ ಕಳೆದುಕೊಂಡವರು, ದಿನವೂ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು. ಅವರೇ ಮುಂದೆ ನಿಂತು ಸಾರಾಯಿ ಅಂಗಡಿ ಮುಚ್ಚಿಸಿದರು. ಕುಡಿದವನನ್ನು ಕಟ್ಟೆಯ ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಯುವುದೆಂದು ಗೊತ್ತುಮಾಡಿದರು. ಠಾಣೆಯ ಸಾಹೇಬರೂ ತಲೆಯಾಡಿಸಿದರು. ಡಬ್ಬ ಬಡಿಯುತ್ತೇನೆಂದು ಗಾಯ ಮಾಗುವ ಮೊದಲೇ ವೀರಮ್ಮ ಮುಂದೆ ಬಂದಳು. ಹೆಂಗಸರ ಕೈಗೆ ಕೂಲಿ ಸೇರತೊಡಗಿದ್ದು, ಸಂಜೆ ಬೀದಿ ತಣ್ಣಗಾದದ್ದು ಸುಳ್ಳಲ್ಲ.

ಮೊದಲ ಸೋಮವಾರಗಳಲ್ಲೇ ಗೌಡರು ಲಾಯದ ಬಾಗಿಲಿಗೆ ಬಂದರು.

"ಬಾರಪ್ಪ, ನಿನ್ನ ಹಗ್ಗ ತಗೊಂಡು ಬಾ. ಕಟ್ಟೋದು ಯಾರಿಗೂ ನೆಟ್ಟಗೆ ಬರ್ತಿಲ್ಲ. ಒಬ್ಬ ಬಿಚ್ಕೊಂಡು ಓಡೇ ಹೋದ."

"ನಾ ಬರಲ್ರೀ ಗೌಡ್ರೆ."

"ಯಾಕೆ? ಕೆಂಪಪ್ಪನ್ನ ಕೆಡವಾಗ ನಿನ್ನ ಯಾರು ಕರೆದಿದ್ರು?"

"ಅವ್ನು ಹೆಂಡ್ತಿ ತಲೆ ಒಡೀತಿದ್ದ. ಈಗ ಕಟ್ಟೆ ಮೇಲೆ ಕೂರ್ಸೀರಲ್ಲ, ಅವ್ನು ಯಾರ ತಲೆ ಒಡದಾನೆ?"

"ಕುಡಿಯೋದು ಪಾಪ ಅಲ್ವೇನೋ?"

ಹಿಂದಿನಿಂದ ಯಾರೋ ಕೂಗಿದರು: "ಅವ್ರ ಸ್ವಾಮಿನೇ ನೀರ್ನ ದ್ರಾಕ್ಷಿ ಸಾರಾಯಿ ಮಾಡಿದ್ನಂತೆ, ಬಿಡ್ರೀ!" ಎಲ್ಲರೂ ನಕ್ಕರು. ಸಮಾಧಾನಪ್ಪನೂ ನಕ್ಕ.

"ಪಾಪನೇ ರೀ. ನಮ್ಮಪ್ಪ ಅದ್ರಲ್ಲೇ ಸತ್ತ. ಕುಡಿಯೋನ ಮನೆಗೆ ಹೋಗಿ ಬೇಕಾದ್ರೆ ಕಾಲು ಹಿಡ್ಕೊಂಡು ಹೇಳ್ತೀನಿ, ಬಿಡಪ್ಪ ಅಂತ. ಆದ್ರೆ ಪಾಪಕ್ಕೆಲ್ಲ ಹಗ್ಗ ಹಾಕ್ತಾ ಹೋದ್ರೆ ಕಟ್ಟೋಕೆ ಯಾರು ಉಳೀತಾರೆ? ಎಲ್ರೂ ಕಂಬದಾಗೇ ಇರ್ತೀವಿ."

"ಇದು ಈಗ ಊರ ಕಾನೂನು ಕಣೋ. ಪೊಲೀಸ್ರೇ ಹೂಂ ಅಂದಾರೆ."

"ನಮ್ಮ ಸ್ವಾಮಿನ ಕಳ್ರು ಕೊಲ್ಲಲಿಲ್ಲ ಗೌಡ್ರೆ. ಸರ್ಕಾರ ಶಿಲುಬೆಗೆ ಹಾಕಿ ಕೊಂದ್ತು. ವಿಚಾರಣೆ ಮಾಡಿ, ಕಾನೂನು ಪ್ರಕಾರ, ಊರೋರೆಲ್ಲ ಹೂಂ ಅಂದ ಮೇಲೆ."

ಗೌಡರು ಟವೆಲ್ಲು ಕೊಡವಿ ಹೊರಟುಹೋದರು. ಅಂದಿನಿಂದ ಊರಿನ ಎತ್ತುಗಳು ಲಾಳಕ್ಕೆ ಶಿರಾಳಕೊಪ್ಪಕ್ಕೆ ನಡೆದವು.

ಬಾರುಕೋಲು ಕೆಂಪಪ್ಪನ ಕೈಗೆ ಬಂತು. ಅವನು ಕುಡಿಯುವುದನ್ನು ನಿಜಕ್ಕೂ ಬಿಟ್ಟಿದ್ದ, ಹಣೆಗೆ ವಿಭೂತಿ ಹಚ್ಚುತ್ತಿದ್ದ. ಅವನ ಏಟಿಗೆ ಬೆನ್ನಿನ ಮೇಲೆ ಮೊದಲು ಬಿಳಿಯ ಗೆರೆ ಏಳುತ್ತಿತ್ತು, ಆಮೇಲೆ ಅದರುದ್ದಕ್ಕೂ ರಕ್ತ ಹನಿಹನಿಯಾಗಿ ಮೂಡುತ್ತಿತ್ತು. ಒಂದು ಸಂಜೆ ವೀರಮ್ಮ ಒಡೆದ ತುಟಿ, ಮುಚ್ಚಿಹೋದ ಒಂದು ಕಣ್ಣಿನೊಂದಿಗೆ ಗೌಡರ ಜಗಲಿಗೆ ಬಂದಳು. ನಾನು ಅಲ್ಲಿ ಮಜ್ಜಿಗೆಗೆಂದು ಹೋಗಿದ್ದೆ.

"ಕುಡಿದಿದ್ನಾ?" ಎಂದು ಗೌಡರು ಕೇಳಿದರು.

"ಇಲ್ರೀ."

"ಹಂಗಾದ್ರೆ ಅದು ಮನೆ ವಿಷಯ ನೋಡವ್ವಾ. ಸಮಿತಿಗೆ ತರಬೇಡ."

ಅವಳು ಸೆರಗಿನಿಂದ ತುಟಿ ಒರೆಸಿಕೊಂಡು ಹೋದಳು. ಮುಂದಿನ ಸೋಮವಾರ ಎಂದಿನಂತೆ ಡಬ್ಬ ಬಡಿದಳು.

ಆ ಸೋಮವಾರ ಸಿಕ್ಕವನು ಸಣ್ಣಬೀರಪ್ಪ. ಹೆಂಡತಿ ತೀರಿಕೊಂಡ ಮುದಿ ಕುರಿಗಾಹಿ. ಮೊಣಕಾಲು ನೋವಿಗೆಂದು ಸೊರಬದ ಕಡೆಯಿಂದ ಬಾಟಲಿ ತರಿಸಿ, ಕುರಿಹಟ್ಟಿಯಲ್ಲಿ ಒಬ್ಬನೇ ಕೂತು ಕುಡಿದು ಮಲಗಿದ್ದ. ಕೆಂಪಪ್ಪ ಅವನನ್ನು ಕಾಲು ಹಿಡಿದು ಕಲ್ಲುದಾರಿಯ ಮೇಲೆ ಎಳೆದು ತಂದ. ಮುದುಕನ ಕಂಬಳಿ ದಾರಿಯಲ್ಲೇ ಉಳಿಯಿತು. ಎಳೆದ ಗುರುತಿನುದ್ದಕ್ಕೂ ಮಣ್ಣು ಒದ್ದೆಯಾಗಿತ್ತು.

"ಹಗ್ಗ ಕೊಡಲೇ," ಎನ್ನುತ್ತ ಕೆಂಪಪ್ಪ ಲಾಯಕ್ಕೆ ನುಗ್ಗಿದ.

ಸಮಾಧಾನಪ್ಪ ಬಾಗಿಲಿಗೆ ಅಡ್ಡ ನಿಂತ. "ಇವತ್ತು ಎತ್ತಿಗೇ ಬಿಡುವು ಕೊಟ್ಟೀರಲ್ರೋ. ಆ ಮುದುಕನಿಗೆ ಕೊಡಿ."

ಕೆಂಪಪ್ಪ ನೆಲದ ಮೇಲಿದ್ದ ಲಾಳದ ಸುತ್ತಿಗೆ ಎತ್ತಿ ಅವನ ಬಲ ಮೊಣಕಾಲಿಗೆ ಬೀಸಿದ. ಒಣಕಟ್ಟಿಗೆ ಮುರಿದಂಥ ಸದ್ದು ನಮ್ಮ ಅಂಗಳದವರೆಗೆ ಬಂತು. ಸಮಾಧಾನಪ್ಪ ಹೊಸ್ತಿಲ ಮೇಲೆ ಬಿದ್ದ. ಅವನನ್ನು ದಾಟಿಕೊಂಡೇ ಗೂಟದಿಂದ ಹಗ್ಗ ತೆಗೆದರು.

ಮನುಷ್ಯನನ್ನು ಆ ಹಗ್ಗದಿಂದ ಕಟ್ಟಿ ಅವರಿಗೆ ಗೊತ್ತಿರಲಿಲ್ಲ, ಎತ್ತನ್ನು ಕಟ್ಟಿದ್ದು ಮಾತ್ರ ನೋಡಿದ್ದರು. ಮುದುಕನನ್ನು ಕಂಬಕ್ಕೆ ನಿಲ್ಲಿಸಿ ಕುತ್ತಿಗೆ, ಎದೆ, ಹೊಟ್ಟೆಗೆ ಕುಣಿಕೆ ಹಾಕಿ ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದರು. ಕೆಂಪಪ್ಪ ಬೀಸಿದ. ಪ್ರತಿ ಏಟಿಗೂ ಸಣ್ಣಬೀರಪ್ಪ ಮುಂದಕ್ಕೆ ಹಾರುತ್ತಿದ್ದ, ಹಾರಿದಷ್ಟೂ ಹಗ್ಗ ಬಿಗಿಯುತ್ತಿತ್ತು. ಮೊದಲು "ಅಪ್ಪಾ, ಇನ್ನು ಕುಡಿಯಲ್ರೋ" ಎಂದು ಕೂಗಿದ. ಆಮೇಲೆ ಬರೀ ಬಾಯಿ ತೆರೆದ.

"ಎದೆ ಕುಣಿಕೆ ಬಿಡ್ರೋ! ಸಡಿಲ ಮಾಡ್ರೋ! ಅದು ಎತ್ತಿನ ಕಟ್ಟು!" ಸಮಾಧಾನಪ್ಪ ಮೊಣಕೈಯೂರಿ ತೆವಳುತ್ತ ಕಟ್ಟೆಯ ಕಡೆ ಬರುತ್ತಿದ್ದ. ಜೀವರತ್ನಮ್ಮ ಅವನ ಮುಂದೆ ಓಡಿ ಕಟ್ಟೆ ಹತ್ತಲು ಹೋದಳು. ಅವಳ ಜಡೆ ಹಿಡಿದು ಕೆಳಕ್ಕೆ ಎಸೆದರು.

ಮುದುಕ ಒದ್ದಾಟ ನಿಲ್ಲಿಸಿದ.

"ತೆಪ್ಪಗಾದ ನೋಡ್ರಿ," ಎಂದ ಹಗ್ಗ ಹಿಡಿದವನೊಬ್ಬ. ಗೌಡರು ಸಾಕು ಎಂಬಂತೆ ಕೈ ತೋರಿಸಿದರು. ಕೆಂಪಪ್ಪ ಇನ್ನೊಂದೆರಡು ಹೊಡೆದು ಬೆವರು ಒರೆಸಿಕೊಂಡ. ಬಿಚ್ಚಿದಾಗ ಸಣ್ಣಬೀರಪ್ಪ ಕಂಬಕ್ಕೆ ಬೆನ್ನುಜ್ಜುತ್ತ ಜಾರಿ ಕೂತ. ನಾಲಗೆ ಹೊರಗಿತ್ತು, ತುಟಿ ನೇರಳೆಯಾಗಿತ್ತು. ಯಾರೋ ನೀರು ಚಿಮುಕಿಸಿದರು. ನೀರು ತೆರೆದ ಕಣ್ಣಿನ ಮೇಲೆ ಬಿದ್ದಿತು, ರೆಪ್ಪೆ ಅಲುಗಲಿಲ್ಲ.

ಪೊಲೀಸರು ಸಮಾಧಾನಪ್ಪನನ್ನೇ ಒಯ್ದರು. ಹಗ್ಗ ಅವನದಲ್ಲವೇ. ಕುಡಿದು ಬಿದ್ದು ಎದೆಗೆ ಕಲ್ಲು ಬಡಿದು ಸತ್ತ ಎಂಬ ಹೇಳಿಕೆಗೆ ಹೆಬ್ಬೆಟ್ಟೊತ್ತಿದರೆ ಬಿಡುಗಡೆ, ಇಲ್ಲದಿದ್ದರೆ ಕಟ್ಟಿದವನು ನೀನೇ ಎಂದರು. ಅವನು ಒತ್ತಲಿಲ್ಲ. ಅಂಗಾಲು ಒಡೆಯುವ ತನಕ ಬಡಿದರು, ಮುರಿದ ಮೊಣಕಾಲಿನ ಮೇಲೆ ಬೂಟಿಟ್ಟು ನಿಂತರು. ಇದನ್ನೆಲ್ಲ ಜೀವರತ್ನಮ್ಮ ಆಮೇಲೆ ನಮ್ಮಮ್ಮನಿಗೆ ಹೇಳಿದ್ದು. ಅವನು ಹೇಳಲಿಲ್ಲ.

ಸೊರಬದಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಸಭೆಯ ಅಯ್ಯನವರನ್ನೂ ಠಾಣೆಗೆ ಕರೆಸಿದರು. ಅವರು ಒಳ್ಳೆಯ ಮನುಷ್ಯ, ಭಯಸ್ಥ. "ಸಮಾಧಾನಪ್ಪಾ, ಅಧಿಕಾರ ಅನ್ನೋದು ದೇವರೇ ಕೊಟ್ಟಿದ್ದು. ತಲೆ ಬಾಗಿಸು. ನಾವು ನಾಲ್ಕು ಮನೆಯೋರು ಇಲ್ಲಿ ಬದುಕಬೇಕಲ್ಲ ಮಾರಾಯ," ಎಂದರಂತೆ.

"ತಲೆ ಬೇಕಾದ್ರೆ ತಗೊಳ್ಳಲಿ ಅಯ್ನೋರೆ. ಬಾಯಿ ನಂದಲ್ಲ, ದೇವ್ರು ಅದನ್ನ ಸುಳ್ಳು ಹೇಳಕ್ಕೆ ಕೊಟ್ಟಿಲ್ಲ," ಎಂದನಂತೆ ಅವನು.

ಅವನನ್ನು ಹೊರಗೆ ತಂದದ್ದು ವೀರಮ್ಮ. ಠಾಣೆಯ ಮೆಟ್ಟಿಲ ಮೇಲೆ ನಿಂತು, ಸಂತೆಗೆ ಹೋಗುವವರೆಲ್ಲ ಕೇಳುವಂತೆ ಕೂಗಿದಳು: "ಡಬ್ಬ ಬಡಿದೋಳು ನಾನು! ಕಣ್ಣು ಮುಚ್ಕೊಂಡು ಬಡೀಲಿಲ್ಲ! ಹೊಡೆದೋನು ನನ್ನ ಗಂಡ!" ಅದೇ ಹೊತ್ತಿಗೆ ಸಣ್ಣಬೀರಪ್ಪನ ತಮ್ಮ ಸೊರಬದಿಂದ ವಕೀಲರೊಬ್ಬರನ್ನು ಕರೆದುಕೊಂಡು ಬಂದ. ಕೇಸು ಶಿಕಾರಿಪುರದ ಕೋರ್ಟಿಗೆ ಹೋಯಿತು. ಹಗ್ಗ ಜಗ್ಗಿದವರು, ಕೆಂಪಪ್ಪ, ಗೌಡರು ಎಲ್ಲರ ಹೆಸರೂ ಅದರಲ್ಲಿತ್ತು. ಸಮಾಧಾನಪ್ಪ ನೋಡಿದ್ದನ್ನು ಹೇಳಿದರೆ ಅವರು ಜೈಲಿಗೆ, ಹೇಳದಿದ್ದರೆ ಮುದುಕನನ್ನು ಕಲ್ಲು ಕೊಂದಂತೆ.

ವೀರಮ್ಮ ತವರಿಗೆ ಹೋದಳು. ಲಾಯಕ್ಕೆ ಹಾಡಹಗಲೇ ಬೆಂಕಿ ಬಿತ್ತು. ಕುಲುಮೆಗೆ ಗಾಳಿ ಊದುವ ತಿದಿಯ ಚರ್ಮ ಸುಡುವ ವಾಸನೆ ಊರ ಮೇಲೆಲ್ಲ ಹಬ್ಬಿತು. ಯಾರೂ ಕೊಡ ಎತ್ತಲಿಲ್ಲ. ನಮ್ಮಮ್ಮ ಎತ್ತಿದ ಕೊಡವನ್ನು ಅಪ್ಪ ಕಿತ್ತು ಬಚ್ಚಲಿಗೆ ಸುರಿದರು.

ಸಾಕ್ಷಿಯ ದಿನ ಬೆಳಿಗ್ಗೆ ನಾನು ಕಾಲೇಜಿನ ಬಸ್ಸಿಗೆ ನಿಂತಿದ್ದೆ. ಸಮಾಧಾನಪ್ಪ ಕಂಕುಳಲ್ಲಿ ಕೋಲು ಕೊಟ್ಟುಕೊಂಡು ಬಂದು ಮೈಲಿಗಲ್ಲಿಗೆ ಒರಗಿದ. ಸ್ವಲ್ಪ ಹೊತ್ತಿನಲ್ಲಿ ಉಚ್ಚಂಗಪ್ಪಗೌಡರೂ ಬಂದರು. ಆ ಕೆಲವು ತಿಂಗಳಲ್ಲಿ ಅವರು ತುಂಬ ಮುದುಕರಾಗಿದ್ದರು.

"ಹೊರಟ್ಯಾ?"

"ಹೂಂ ರೀ."

"ಅಲ್ಲ ಸಮಾಧಾನ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಕಟ್ಟಬೇಡಿ, ಹೊಡೀಬೇಡಿ, ಸರ್ಕಾರನೇ ನಿಮ್ಮ ಸ್ವಾಮಿನ ಕೊಂದಿದ್ದು ಅಂದೋನು ನೀನು. ಈಗ ಅದೇ ಸರ್ಕಾರದ ಕೈಗೆ ನಮ್ಮನ್ನ ಕಟ್ಟಿ ಕೊಡಾಕೆ ಹೊಂಟೀಯಲ್ಲ. ಅಲ್ಲಿ ನಿನ್ನ ಅಂಗಾಲಿಗೆ ಏನು ಮಾಡಿದ್ರು ಗೊತ್ತಿಲ್ವಾ? ನನಗೂ ಹಂಗೇ ಮಾಡ್ಲಿ ಅಂತೀಯಾ?"

ಸಮಾಧಾನಪ್ಪ ಕೋಲನ್ನು ಸರಿಮಾಡಿಕೊಂಡು ಅವರತ್ತ ತಿರುಗಿದ. ಈ ಪ್ರಶ್ನೆ ಅವನಿಗೆ ಹೊಸದಲ್ಲ ಎಂದು ಮುಖ ಹೇಳುತ್ತಿತ್ತು.

"ಮಾಡಬಾರದು ಗೌಡ್ರೆ. ಅದನ್ನೂ ಜಡ್ಜ್ ಸಾಹೇಬ್ರಿಗೆ ಹೇಳ್ತೀನಿ."

"ಮತ್ತೆ ಯಾಕೆ ಹೋಗ್ತೀ?"

"ಕುಡಿದೋನಿಗೆ ಹಗ್ಗ ಬೇಡ ಅಂದೆ. ಒಬ್ಬನ ಉಸಿರು ತೆಗೆದೋರನ್ನ ನಿಲ್ಸಿ ಕೇಳಬಾರದು ಅಂತ ನಾ ಯಾವತ್ತೂ ಅನ್ನಲಿಲ್ಲ. ನಿಮ್ಮನ್ನ ಕಂಡ್ರೆ ಹೊಟ್ಟೆ ಉರಿಯಲ್ಲ, ದಿನಾ ನಿಮ್ಮ ಹೆಸರು ಹಿಡ್ದೇ ಪ್ರಾರ್ಥನೆ ಮಾಡ್ತೀನಿ. ಆದ್ರೆ ಆ ಮುದುಕ ಕಲ್ಲಿಗೆ ಬಿದ್ದು ಸತ್ತ ಅಂತ..."

ದೂರದ ತಿರುವಿನಲ್ಲಿ ಬಸ್ಸಿನ ಧೂಳು ಎದ್ದಿತ್ತು. ಗೌಡರು ಅವನ ಕೋಲು ಹಿಡಿದುಕೊಂಡರು. ಅವನು ಮೆಲ್ಲಗೆ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಸ್ಸಿಗೂ ಕಾಯದೆ ಶಿಕಾರಿಪುರದ ಕಡೆಗೆ ಕಾಲೆಳೆಯುತ್ತ, "ಶಿಕ್ಷೆ ಅವ್ರು ಎಷ್ಟು ಕೊಡ್ತಾರೋ ಅದು ನನ್ನ ಕೈಲಿಲ್ಲ ಗೌಡ್ರೆ, ನನ್ನ ಕೈಲಿರೋದು ಬರೀ ನಾ ಕಂಡಿದ್ದು, ಅಷ್ಟೇ," ಎಂದ.